ಮಂದ್ರ ಕಳೆದುಹೋಗುವ ಜಾಗ

ಚೆನ್ನೈನ ಪುರಸೈವಾಕ್ಕಂನ ಕಲ್ಯಾಣ ಮಂಟಪಗಳಲ್ಲಿ, ಚಿಕ್ಕಪುಟ್ಟ ಸಭಾಂಗಣಗಳಲ್ಲಿ ಕಚೇರಿಗಳಿಗೆ ಸೌಂಡ್ ಕೂರಿಸುತ್ತ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ವಾದ್ಯದ ನಾದ ಕೆಡುವುದು ಹೆಚ್ಚಾಗಿ ಸ್ಪೀಕರಿನಲ್ಲಿ ಅಲ್ಲ, ಅದರ ಕೇಬಲ್ಲನ್ನು ಮಿಕ್ಸರಿಗೆ ಚುಚ್ಚುವ ಜಾಗದಲ್ಲಿ. ಅಲ್ಲಿ ಕಳೆದುಹೋದದ್ದನ್ನು ಬೇಸ್ ಗುಂಡಿ ತಿರುಗಿಸಿ ಹಿಂದಕ್ಕೆ ತರಲು ಹೋದರೆ ನಾದಕ್ಕಿಂತ ಮೊದಲು ಗೊರಗೊರ ಸದ್ದು ಬರುತ್ತದೆ.

ಪುರಂದರದಾಸರ ಆರಾಧನೆಗೆಂದು ಇಲ್ಲಿನ ಕನ್ನಡದವರು ಸೇರಿ ಇಟ್ಟುಕೊಂಡಿದ್ದ ವೀಣಾ ಕಚೇರಿಯೊಂದರಲ್ಲಿ ಇದು ನನ್ನ ಕಿವಿಗೇ ಬಿತ್ತು. ಹಿರಿಯ ವೈಣಿಕರೊಬ್ಬರು ಕುದುರೆಯ ಪಕ್ಕದಲ್ಲಿ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಂಡು ಕೂತಿದ್ದರು. ಮಂಟಪದ ಹುಡುಗ ಅದರ ಪಿನ್ನನ್ನು ನೇರವಾಗಿ ಲೈನ್ ಇನ್‌ಪುಟ್‌ಗೆ ಹಾಕಿದ್ದ. ಅವರು ಮಂದ್ರದ ತಂತಿ ಮೀಟಿದವರೇ ಕೈ ಹಿಂದೆಗೆದರು. “ಏನಪ್ಪಾ ಇದು, ತಗಡು ಬಡಿದ ಹಾಗೆ ಕೇಳ್ತಿದೆ. ನನ್ನ ಮಂದ್ರ ಎಲ್ಲಿ ಹೋಯ್ತು?”

“ಒಂದು ನಿಮಿಷ ಇರಿ ಮಾಮಿ” ಎಂದು ಚೀಲದಿಂದ ಆ್ಯಕ್ಟಿವ್ ಡಿಐ ಬಾಕ್ಸ್, ಅಂದರೆ ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಒಗ್ಗಿಸುವ ಪೆಟ್ಟಿಗೆ, ತೆಗೆದು ನಡುವೆ ಸೇರಿಸಿದೆ, ಅಲ್ಲಿಂದ ಮೈಕ್ ಇನ್‌ಪುಟ್‌ಗೆ ಕೊಟ್ಟೆ. ಟೋನ್ ಗುಂಡಿ ಒಂದನ್ನೂ ಮುಟ್ಟಲಿಲ್ಲ. ಮಾಮಿ ಅದೇ ತಂತಿಯನ್ನು ಮತ್ತೆ ಮೀಟಿದರು. ಕೊಡದೊಳಗಿನ ಗುಂಗು ಹಿಂದಿನ ಸಾಲಿನವರೆಗೂ ಹೋಯಿತು.

ಆಗಿದ್ದೇನೆಂದರೆ, ಆ ಮೈಕಿನ ಒಳಗಿರುವುದು ಹತ್ತು ರೂಪಾಯಿ ನಾಣ್ಯದಷ್ಟು ಅಗಲದ, ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆ. ವಿದ್ಯುತ್ತಿನ ಲೆಕ್ಕದಲ್ಲಿ ಅದು ಸುಮಾರು 20 ನ್ಯಾನೋಫ್ಯಾರಡ್‌ನ ಕೆಪಾಸಿಟರ್. ಲೈನ್ ಇನ್‌ಪುಟ್‌ನ ಇಂಪೀಡೆನ್ಸ್, ಅಂದರೆ ಸಿಗ್ನಲಿಗೆ ಅದು ಒಡ್ಡುವ ತಡೆ, ಸಾಮಾನ್ಯವಾಗಿ 10 ಕಿಲೋ ಓಮ್. ಇವೆರಡೂ ಕೂಡಿದರೆ ಸುಮಾರು 800 ಹರ್ಟ್ಸ್‌ನಿಂದ ಕೆಳಗೆ ನಾದ ಸೊರಗುತ್ತ ಹೋಗುತ್ತದೆ. ವೀಣೆಯ ಮಂದ್ರ ತಂತಿ ಇರುವುದು 80 ಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಉಳಿಯುವುದು ಹತ್ತರಲ್ಲಿ ಒಂದು ಪಾಲು ವೋಲ್ಟೇಜ್ ಮಾತ್ರ. ಡಿಐ ಬಾಕ್ಸಿನ 1 ಮೆಗಾ ಓಮ್‌ಗೆ ಕೊಟ್ಟಾಗ ಆ 800 ಎಂಬುದು 8 ಹರ್ಟ್ಸ್‌ಗೆ ಇಳಿಯುತ್ತದೆ. ವೀಣೆ ಪೂರ್ತಿಯಾಗಿ ಒಳಗೆ ಬರುತ್ತದೆ.

ಸುರುಳಿ ಇರುವ ಮ್ಯಾಗ್ನೆಟಿಕ್ ಪಿಕಪ್‌ನ ಕಥೆ ಇದಕ್ಕೆ ತಿರುಗುಮುರುಗು. ಯು. ಶ್ರೀನಿವಾಸ್ ಈ ಊರಿನಲ್ಲಿ ಮನೆಮಾತು ಮಾಡಿದ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಇರಲಿ, ಬೇಸ್ ಗಿಟಾರ್ ಇರಲಿ, ಕಡಿಮೆ ಇಂಪೀಡೆನ್ಸಿನ ಇನ್‌ಪುಟ್‌ಗೆ ಹಾಕಿದರೆ ಹೋಗುವುದು ಮೇಲಿನ ಮಿಂಚು. ನಾದ ಕಂಬಳಿ ಹೊದ್ದುಕೊಳ್ಳುತ್ತದೆ. ಹಾಗಾಗಿ ಏನು ಕಳೆದಿದೆ ಎಂದು ಮೊದಲು ಕಿವಿಗೊಟ್ಟು ಕೇಳುತ್ತೇನೆ. ತಪ್ಪು ಎಲ್ಲಿದೆ ಎನ್ನುವುದು ಅದರಲ್ಲೇ ಅರ್ಧ ತಿಳಿಯುತ್ತದೆ.

ಇಂಪೀಡೆನ್ಸ್ ಹೊಂದಿಸುವುದೆಂದರೆ ಎರಡೂ ಕಡೆ ಸಮ ಇರಬೇಕು ಎಂದು ಹಲವರು ತಿಳಿದಿದ್ದಾರೆ. ಅದು ಹಳೆಯ ಟೆಲಿಫೋನ್ ಕಾಲದ 600 ಓಮ್ ಲೆಕ್ಕ. ಸಮ ಮಾಡಿದರೆ ವೋಲ್ಟೇಜ್ ಅರ್ಧಕ್ಕರ್ಧ ಇಳಿದು 6 ಡೆಸಿಬಲ್ ನಷ್ಟವಾಗುತ್ತದೆ. ಈಗ ನಾವು ನೋಡುವುದು, ತೆಗೆದುಕೊಳ್ಳುವ ಕಡೆಯದು ಕೊಡುವ ಕಡೆಯದಕ್ಕಿಂತ ಕನಿಷ್ಠ ಹತ್ತು ಪಟ್ಟು ಇದೆಯೇ ಎಂದು.

ಕೀಬೋರ್ಡಿಗೂ ಎಲೆಕ್ಟ್ರಾನಿಕ್ ತಂಬೂರಿಗೂ ದುಬಾರಿ ಆ್ಯಕ್ಟಿವ್ ಪೆಟ್ಟಿಗೆ ಬೇಡ. ಬೆಂಗಳೂರಿನ ರಾಡೆಲ್‌ನಂಥ ಶ್ರುತಿಪೆಟ್ಟಿಗೆಗಳ ಔಟ್‌ಪುಟ್ ಆಗಲೇ ಕಡಿಮೆ ಇಂಪೀಡೆನ್ಸಿನದು. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಸಾಕು, ಬ್ಯಾಟರಿಯೂ ಬೇಕಿಲ್ಲ. ಅದರ ಸುತ್ತುಗಳ ಅನುಪಾತ ಸಾಮಾನ್ಯವಾಗಿ 12ಕ್ಕೆ 1. ಇಂಪೀಡೆನ್ಸ್ ಲೆಕ್ಕದಲ್ಲಿ ಅದು 144 ಪಟ್ಟು, ಅಂದರೆ ಮಿಕ್ಸರಿನ 1.5 ಕಿಲೋ ಓಮ್ ವಾದ್ಯಕ್ಕೆ ಸುಮಾರು 200 ಕಿಲೋ ಓಮ್ ಆಗಿ ಕಾಣುತ್ತದೆ. ದೊಡ್ಡ ಪೀಜೋ ಬಿಲ್ಲೆಗೂ ಇದು ನಡೆಯುತ್ತದೆ. ಆದರೆ ಕುದುರೆಯ ಅಡಿಯಲ್ಲಿ ಕೂರುವ ತೆಳು ಪಟ್ಟಿಯ ಪೀಜೋಗೆ ಕೆಪಾಸಿಟೆನ್ಸ್ ತೀರಾ ಕಡಿಮೆ. ಅದಕ್ಕೆ ಆ್ಯಕ್ಟಿವ್ ಬಾಕ್ಸೇ ಬೇಕು. ಆ್ಯಕ್ಟಿವ್ ಬಾಕ್ಸಿಗೆ ಸಾಮಾನ್ಯವಾಗಿ ಮಿಕ್ಸರ್ ಮೈಕ್ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಬೇಕು. ಮಂಟಪಗಳ ಹಳೆಯ ಮಿಕ್ಸರ್‌ಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಅದಕ್ಕೇ ಬ್ಯಾಟರಿಯಲ್ಲೂ ಓಡುವ ಬಾಕ್ಸ್ ಕೊಂಡು, ಚೀಲದಲ್ಲಿ ಹೊಸ 9 ವೋಲ್ಟ್ ಬ್ಯಾಟರಿ ಇಟ್ಟುಕೊಂಡೇ ಹೊರಡುತ್ತೇನೆ.

ಪುರಸೈವಾಕ್ಕಂ ಹೈರೋಡಿನ ಸುತ್ತಮುತ್ತ ಇನ್ನೊಂದು ಕಾಟ ಹಮ್. ಮದುವೆಯ ಸೀರಿಯಲ್ ಲೈಟು, ಡಿಮ್ಮರ್, ಫ್ಯಾನು, ವೇದಿಕೆಯ ಸೌಂಡು ಎಲ್ಲವೂ ಒಂದೇ ಲೈನಿನಲ್ಲಿ. ಮಿಕ್ಸರ್ ಇರುವುದು ಸಭಾಂಗಣದ ಹಿಂದುಗಡೆ ಬೇರೊಂದು ಪ್ಲಗ್ಗಿನಲ್ಲಿ. ಎರಡು ಅರ್ತ್‌ಗಳ ನಡುವಿನ ವ್ಯತ್ಯಾಸ ಕೇಬಲ್ಲಿನ ಕವಚದಲ್ಲಿ ಹರಿದು 50 ಹರ್ಟ್ಸ್ ಗುಂಯ್‌ಗುಡುತ್ತದೆ. ಪ್ಯಾಸಿವ್ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ಚು ಆ ದಾರಿಯನ್ನು ಕಡಿದುಹಾಕುತ್ತದೆ, ಟ್ರಾನ್ಸ್‌ಫಾರ್ಮರ್ ಮಾತ್ರ ನಾದವನ್ನು ದಾಟಿಸುತ್ತದೆ. ವಾದ್ಯದಿಂದ ಬಾಕ್ಸಿನವರೆಗೆ ಕೇಬಲ್ ಗಿಡ್ಡವಾಗಿರಲಿ, ಅಲ್ಲಿಂದ ಮುಂದೆ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ ಸಭಾಂಗಣದ ಆ ತುದಿಯವರೆಗೆ ಹೋದರೂ ಚಿಂತೆಯಿಲ್ಲ.

ಸಭೆಗಳನ್ನು ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಹಮ್ ನಿಲ್ಲಿಸಲೆಂದು ಯಾರಾದರೂ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕೀಳಲು ಹೋದರೆ ದಯವಿಟ್ಟು ತಡೆಯಿರಿ. ಆ ಪಿನ್ ಇಲ್ಲದೆ ಆಂಪ್ಲಿಫೈಯರ್‌ನಲ್ಲಿ ಕರೆಂಟು ಸೋರಿದರೆ ಅದು ಹೋಗುವ ದಾರಿ ಮೈಕ್ ಹಿಡಿದವರ ಕೈ. ಅರ್ತ್ ಪಿನ್ ಇದ್ದಲ್ಲೇ ಇರಲಿ. ಒಂದು ಪ್ಯಾಸಿವ್, ಒಂದು ಆ್ಯಕ್ಟಿವ್ ಡಿಐ ಬಾಕ್ಸ್ ಕೊಂಡು ನಿಮ್ಮ ಸಭಾಂಗಣದ ಬೀರುವಿನಲ್ಲಿಡಿ.