ಚೆಂಡು ದಾಟಿಸುವವನು



ಆಟದ ಮೈದಾನದ ಮಾತು ಸಂತ ಪೌಲರಿಗೆ ಹೊಸದಲ್ಲ. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಆ ಊರಿನ ಸಭೆಗೆ ಬರೆದ ಮೊದಲನೆಯ ಪತ್ರದ 9ನೆಯ ಅಧ್ಯಾಯದಲ್ಲಿ ಅವರು ಓಟಗಾರನನ್ನೂ ಮುಷ್ಟಿಕಾಳಗದವನನ್ನೂ ಉದಾಹರಿಸುತ್ತಾರೆ. ಬಾಡಿಹೋಗುವ ಹಾರಕ್ಕಾಗಿ ಅವರು ಇಷ್ಟೊಂದು ದೇಹದಂಡನೆ ಮಾಡುವಾಗ ನಾವೆಷ್ಟು ಮಾಡಬೇಕು ಎಂಬುದು ಅಲ್ಲಿನ ವಾದ. ಅದೇ ಪತ್ರದ 12ನೆಯ ಅಧ್ಯಾಯದಲ್ಲಿ ಒಂದೇ ದೇಹಕ್ಕೆ ಹಲವು ಅಂಗಗಳಿರುವ ವಿಚಾರ ಬರುತ್ತದೆ. ಎರಡನ್ನೂ ಕೂಡಿಸಿ ಓದಿದರೆ ನನಗೆ ನೆನಪಾಗುವುದು ಫುಟ್ಬಾಲ್ ತಂಡ, ಅದರಲ್ಲೂ ಮಿಡ್‌ಫೀಲ್ಡರ್.

ಆಟ ತಿಳಿಯದ ತಾಯಂದಿರಿಗಾಗಿ ಒಂದು ಮಾತು. ತಂಡದಲ್ಲಿ ಹನ್ನೊಂದು ಜನ. ಹಿಂದಿರುವವರು ತಡೆಯುತ್ತಾರೆ, ಮುಂದಿರುವವರು ಗೋಲು ಹೊಡೆಯುತ್ತಾರೆ. ನಡುವೆ ಇರುವವನು ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ದಾಟಿಸುತ್ತಾನೆ. ಚೆಂಡು ಕಳೆದುಹೋದರೆ ಹಿಂದಕ್ಕೆ ಓಡಿ ಅದನ್ನು ಮರಳಿ ಪಡೆಯಬೇಕಾದವನೂ ಅವನೇ. ತೊಂಬತ್ತು ನಿಮಿಷಗಳಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಓಡುವುದು ಅವನಿಗೆ ಸಾಮಾನ್ಯ. ಮರುದಿನದ ಪತ್ರಿಕೆಯಲ್ಲಿ ಬರುವುದು ಮಾತ್ರ ಗೋಲು ಹೊಡೆದವನ ಹೆಸರು.

ನಮ್ಮ ರಾಜ್ಯದ ಕಾರ್ಲ್‌ಟನ್ ಚಾಪ್ಮನ್ ಅಂಥ ಆಟಗಾರ. 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಇಪ್ಪತ್ತರ ಆಸುಪಾಸಿನಲ್ಲಿ ಮನೆ ಬಿಟ್ಟು ಜೆಮ್‌ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿ ಸೇರಿದರು. 1987ರಲ್ಲಿ ಆರಂಭವಾದ ಆ ಸಂಸ್ಥೆ ಹುಡುಗರನ್ನು ಅಲ್ಲಿಯೇ ಇರಿಸಿಕೊಂಡು ತರಬೇತಿ ಕೊಡುತ್ತಿತ್ತು. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಚಾಪ್ಮನ್ ಒಬ್ಬರೇ ಮೂರು ಗೋಲು ಹೊಡೆದಿದ್ದರು.

1995ರಲ್ಲಿ ಪಂಜಾಬಿನ ಫಗ್ವಾರದ ಜೆ.ಸಿ.ಟಿ. ತಂಡ. ಅಲ್ಲಿ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರ ಜೊತೆಯಾಟಗಾರರು. 1996-97ರಲ್ಲಿ ನಡೆದ ಮೊತ್ತಮೊದಲ ರಾಷ್ಟ್ರೀಯ ಫುಟ್ಬಾಲ್ ಲೀಗನ್ನು ಈ ತಂಡ ಗೆದ್ದಿತು. ಲೀಗಿನಲ್ಲಿ ಅತಿ ಹೆಚ್ಚು ಗೋಲು ಭುಟಿಯಾ ಅವರದು, 14. ಆ ಚೆಂಡುಗಳು ಯಾರ ಕಾಲಿನಿಂದ ಬಂದವು ಎಂಬುದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಒಂದು ವರ್ಷ ಎಫ್.ಸಿ. ಕೊಚ್ಚಿನ್‌ನಲ್ಲಿ ಆಡಿ, 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000-01ರ ಲೀಗನ್ನು ಅವರ ನಾಯಕತ್ವದಲ್ಲಿಯೇ ಆ ತಂಡ ಗೆದ್ದಿತು. ಭಾರತ ತಂಡದ ನಾಯಕರೂ ಆಗಿದ್ದರು. 2001ರಲ್ಲಿ, ಮೂವತ್ತನೆಯ ವಯಸ್ಸಿಗೆ, ಆಟ ಮುಗಿಸಿದರು.

ಮೂವತ್ತು ವರ್ಷವೆಂದರೆ ನಮ್ಮ ಧರ್ಮಕೇಂದ್ರದ ಎಷ್ಟೋ ಯುವಕರಿಗೆ ಮದುವೆಯ ಮಾತುಕತೆ ಶುರುವಾಗುವ ವಯಸ್ಸು. ಆ ಹೊತ್ತಿಗೆ ಫುಟ್ಬಾಲ್ ಆಟಗಾರನ ವೃತ್ತಿ ಮುಗಿದಿರುತ್ತದೆ. ಕ್ಲಬ್ಬುಗಳೂ ಶಾಶ್ವತವಲ್ಲ. ಎಫ್.ಸಿ. ಕೊಚ್ಚಿನ್ ಕೆಲವೇ ವರ್ಷ ಬಾಳಿತು, ಜೆ.ಸಿ.ಟಿ. 2011ರಲ್ಲಿ ಬಾಗಿಲು ಹಾಕಿತು. ಚಾಪ್ಮನ್ ಗೆದ್ದ ರಾಷ್ಟ್ರೀಯ ಲೀಗ್ ಕೂಡ 2007ರಲ್ಲಿ ಕೊನೆಗೊಂಡಿತು. ಬಾಡಿಹೋಗುವ ಹಾರ ಎಂದು ಪೌಲರು ಬರೆದದ್ದು ಇದನ್ನೇ ತಾನೆ?

ಆದರೆ ಚಾಪ್ಮನ್ ಮುಂದೇನು ಮಾಡಿದರೆಂದು ನೋಡಿ. ತಾವು ಕಲಿತ ಟಾಟಾ ಅಕಾಡೆಮಿಗೇ ಹಿಂತಿರುಗಿ ಹುಡುಗರಿಗೆ ಕಲಿಸಿದರು. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೊ ತಂಡಕ್ಕೆ ತರಬೇತಿ ಕೊಟ್ಟರು, ಕೋಝಿಕ್ಕೋಡಿನಲ್ಲಿಯೂ ದುಡಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 49. ಅಂದಿನ ಬರಹಗಳು ಎದ್ದು ನೆನಪಿಸಿದ್ದು 1993ರ ಆ ಮೂರು ಗೋಲುಗಳನ್ನೇ. ಮಿಡ್‌ಫೀಲ್ಡರ್‌ನನ್ನು ಕೂಡ ಲೋಕ ಗೋಲಿನಿಂದಲೇ ಅಳೆಯುತ್ತದೆ.

ಇಷ್ಟು ವಿವರ ಏಕೆ? ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಯಾರಾದರೊಬ್ಬರು ಬಂದು, "ಫಾದರ್, ಮಗನಿಗೆ ಚೆಂಡಿನದ್ದೇ ಹುಚ್ಚು, ಸ್ವಲ್ಪ ಬುದ್ಧಿ ಹೇಳಿ" ಎನ್ನುತ್ತಾರೆ. ಚಾಪ್ಮನ್‌ರ ಜೀವನವನ್ನು ಹೆತ್ತವರೂ ಮಗನೂ ಒಟ್ಟಿಗೆ ಕುಳಿತು ಓದಬೇಕು. ಮೂವತ್ತರ ನಂತರದ ಬದುಕಿಗೆ ಏನು ದಾರಿ ಎಂದು ಮಗ ಯೋಚಿಸಲಿ. ಓದನ್ನು ಪೂರ್ತಿ ಕೈಬಿಡುವುದು ಬೇಡ. ಆದರೆ ಆಟವೆಂದರೆ ಹಾಳು ಕಾಲಹರಣ ಎಂದು ಹೆತ್ತವರೂ ಹೇಳಬಾರದು. ಸಂತ ತೋಮಸ್ ಅಕ್ವೀನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಆಟವಿನೋದದಲ್ಲಿಯೂ ಒಂದು ಸದ್ಗುಣವಿದೆ ಎಂದು ವಾದಿಸುತ್ತಾರೆ. ದೇಹ ದಣಿದರೆ ವಿಶ್ರಾಂತಿ ಬೇಕಾಗುವಂತೆ ಮನಸ್ಸು ದಣಿದರೆ ಆಟ ಬೇಕು. ಅತಿಯಾಗಿ ಆಡುವುದು ಹೇಗೆ ದೋಷವೋ, ಇತರರ ವಿನೋದಕ್ಕೂ ಅಡ್ಡಿಯಾಗುವಷ್ಟು ಬಿಗಿದುಕೊಂಡಿರುವುದೂ ದೋಷವೇ. ಸೆಮಿನರಿಯಲ್ಲಿ ಈ ಭಾಗ ಓದಿದ ದಿನ ನಮಗೆಲ್ಲ ಬಹಳ ಸಂತೋಷವಾಗಿತ್ತೆನ್ನಿ!

ಭಾನುವಾರದ ಪಂದ್ಯಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಳಗ್ಗೆ ನೆಹರೂ ಮೈದಾನದಲ್ಲಿ ಆಟವಿದ್ದರೆ ಶನಿವಾರ ಸಂಜೆಯ ಬಲಿಪೂಜೆಗೆ ಬರಬಹುದು; ಅದರಿಂದಲೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ಎರಡಕ್ಕೂ ಬರದೆ ಆಟದ ನೆಪ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಇಟಲಿಯ ಭಾಷೆ ಮಂಗಳೂರಿಗೆ ತೀರ ಅಪರಿಚಿತವೇನಲ್ಲ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ತುಂಬ ಚಿತ್ರ ಬರೆದ ಬ್ರದರ್ ಮೊಸ್ಕೇನಿ ಇಟಲಿಯವರು. ಫುಟ್ಬಾಲೇ ಉಸಿರಾಗಿರುವ ಆ ದೇಶದಲ್ಲಿ ಆಟಗಾರರನ್ನು ಹುರಿದುಂಬಿಸಲು ಜನ "ದಾಯ್!" ಎಂದು ಕೂಗುತ್ತಾರೆ. 2025ರ ಜೂನ್ 15, ಪರಮ ತ್ರಿತ್ವದ ಹಬ್ಬದಂದು, ಕ್ರೀಡಾಪಟುಗಳ ಜುಬಿಲಿಯ ಬಲಿಪೂಜೆಯಲ್ಲಿ ಜಗದ್ಗುರು 14ನೆಯ ಲಿಯೋ ಈ ಕೂಗಿನತ್ತ ಗಮನ ಸೆಳೆದರು. ಅದರ ಅಕ್ಷರಶಃ ಅರ್ಥ "ಕೊಡು". ತಂದೆ, ಮಗ, ಪವಿತ್ರಾತ್ಮರ ಜೀವನವೇ ಒಬ್ಬರು ಇನ್ನೊಬ್ಬರಿಗೆ ಕೊಡುವ ಜೀವನ. ಆ ಬೋಧನೆಗೆ ಮೈದಾನದ ಈ ಕೂಗು ಎಷ್ಟು ಚೆನ್ನಾಗಿ ಹೊಂದುತ್ತದೆ! ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡರೆ ಮಿಡ್‌ಫೀಲ್ಡರ್ ತಂಡಕ್ಕೆ ಭಾರ.

ಮನೆಯಲ್ಲಿಯೂ ಇಂಥವರಿದ್ದಾರೆ. ತಂದೆಯ ಸಂಬಳ, ಮಗಳ ಅಂಕ ಎಲ್ಲರಿಗೂ ಕಾಣುತ್ತದೆ. ಬೆಳಗ್ಗೆ ಐದಕ್ಕೆದ್ದು ಬುತ್ತಿ ಕಟ್ಟುವ ತಾಯಿ, ಪೇಟೆಯ ಕೆಲಸ ಬಿಟ್ಟು ಅಜ್ಜಿಯನ್ನು ನೋಡಿಕೊಳ್ಳುವ ಅಕ್ಕ, ಇವರ ಹೆಸರು ಯಾವ ಪಟ್ಟಿಗೂ ಬರುವುದಿಲ್ಲ. ಈ ವಾರ ಒಂದು ಸಂಜೆ ಜಪಮಾಲೆಯ ಬಳಿಕ ಕೊರಿಂಥದವರಿಗೆ ಬರೆದ ಪತ್ರದ 12ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿ. ತನಗೆ ಚೆಂಡು ದಾಟಿಸಿದವರು ಯಾರೆಂದು ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳಲಿ, ಮಕ್ಕಳೇ ಮೊದಲು ಹೇಳಲಿ. ಆ ಹೊತ್ತು ಅಡುಗೆಮನೆಯಲ್ಲಿರುವವರನ್ನೂ ಕರೆದು ಕೂರಿಸಿಕೊಳ್ಳಿ.