ಲೋಹವನ್ನು ಹೀರುವ ಸಸ್ಯಗಳು ಮತ್ತು ಮನೆಯ ಹಿತ್ತಿಲು

ಕುಷಾಯಿಗೂಡ, ಚರ್ಲಪಲ್ಲಿಗಳ ಕೈಗಾರಿಕಾ ವಲಯಕ್ಕೆ ಉದ್ಯೋಗವನ್ನರಸಿ ಬಂದು ನೆಲೆಸಿದ ಕುಟುಂಬಗಳು, ಮನೆಯ ಹಿಂದೆ ನಾಲ್ಕು ಮೊಳ ನೆಲ ದೊರೆತರೆ ದಂಟು, ಮೆಂತ್ಯ, ಪಾಲಕ್ ಬಿತ್ತದೆ ಬಿಡುವುದಿಲ್ಲ. ಸೊಪ್ಪು ತಾಜಾ ಆಗಿರುತ್ತದೆ, ನಿಜ. ಆದರೆ ಅದು ಬೇರೂರಿದ ಮಣ್ಣು ಎಂತಹುದು?

ಇದೇ ನಗರದ ಇನ್ನೊಂದು ಅಂಚಿನಲ್ಲಿರುವ ಕಾಟೇದಾನ್ ಕೈಗಾರಿಕಾ ಪ್ರದೇಶದ ಮಣ್ಣನ್ನು ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದರು. ಸೀಸ, ಕ್ರೋಮಿಯಂ, ಸತು, ಆರ್ಸೆನಿಕ್ ಮುಂತಾದವು ಮಿತಿಮೀರಿ ಸೇರಿರುವುದನ್ನು 2008ರಲ್ಲಿ ಪ್ರಕಟಿಸಿದರು. ಕುಷಾಯಿಗೂಡದ ಪ್ರತಿಯೊಂದು ಹಿತ್ತಿಲೂ ಹಾಗೆಯೇ ಇದೆಯೆಂದು ಇದರಿಂದ ತೀರ್ಮಾನಿಸಲಾಗದು. ಆದರೆ ಕಾರ್ಖಾನೆಯ ಧೂಳು, ಹಳೆಯ ಬ್ಯಾಟರಿ, ಉದುರಿದ ಬಣ್ಣ ಇವು ಎಲ್ಲಿಯೂ ಇರಬಹುದಾದವು. ಸೀಸಯುಕ್ತ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲಿ ನಿಂತರೂ, ಅದು ರಸ್ತೆಬದಿಗೆ ಬಿಟ್ಟುಹೋದ ಸೀಸ ಮಣ್ಣಿನಲ್ಲಿಯೇ ಉಳಿದಿದೆ. ಲೋಹವು ಕೊಳೆಯುವ ವಸ್ತುವಲ್ಲ.

ಇಂತಹ ನೆಲವನ್ನು ಸಸ್ಯಗಳಿಂದಲೇ ಶುದ್ಧಿಗೊಳಿಸಬಹುದೆಂಬ ವಿಚಾರವನ್ನು ಅಮೆರಿಕದ ಕೃಷಿ ಇಲಾಖೆಯ ರೂಫಸ್ ಚಾನಿ 1983ರಲ್ಲಿ ಮುಂದಿಟ್ಟರು. ಬೇರು ನೀರಿನೊಡನೆ ಲೋಹವನ್ನು ಹೀರಿ ಎಲೆಗೆ ಸಾಗಿಸುತ್ತದೆ. ಬೆಳೆಯನ್ನು ಕೊಯ್ದು ತೆಗೆದರೆ ಲೋಹವೂ ಹೊರಗಾಗುತ್ತದೆ. ನ್ಯೂ ಕ್ಯಾಲೆಡೋನಿಯ ದ್ವೀಪದ ಒಂದು ಮರದ ಹಾಲು ನೀಲಿ ಬೆರೆತ ಹಸಿರು ಬಣ್ಣದ್ದು. ಒಣಗಿಸಿದರೆ ತೂಕದ ಕಾಲುಭಾಗದಷ್ಟು ನಿಕಲ್ ಇರುತ್ತದೆ! ನಮ್ಮ ಹಳೆಯ ಗೋಡೆಗಳ ಬಿರುಕಿನಲ್ಲಿಯೂ ಬೆಳೆಯುವ ಟೆರಿಸ್ ವಿಟ್ಟಾಟ ಎಂಬ ಜರಿಗಿಡವು ಆರ್ಸೆನಿಕ್ಕನ್ನು ಅಪಾರವಾಗಿ ಹೀರುವುದೆಂದು 2001ರಲ್ಲಿ ತಿಳಿದುಬಂತು. ಒಗ್ಗರಣೆಯ ಸಾಸಿವೆಯ ಗಿಡವೂ ಈ ಪ್ರಯೋಗಗಳಲ್ಲಿ ಹೆಸರು ಪಡೆದಿದೆ.

ಆದರೆ ಸೀಸದ ಲೆಕ್ಕವನ್ನು ಜಮಾ-ಖರ್ಚಿನ ಪುಸ್ತಕದಲ್ಲಿಟ್ಟು ನೋಡಬೇಕು. ಒಂದು ಹೆಕ್ಟೇರಿನ ಮೇಲ್ಮಣ್ಣು, ಇಪ್ಪತ್ತು ಸೆಂಟಿಮೀಟರ್ ಆಳದವರೆಗೆ, ಸುಮಾರು 2,600 ಟನ್. ಪ್ರತಿ ಕಿಲೋ ಮಣ್ಣಿನಿಂದ 100 ಮಿಲಿಗ್ರಾಂ ಸೀಸವನ್ನು ಇಳಿಸಬೇಕಾದರೆ ಒಟ್ಟು 260 ಕಿಲೋ ತೆಗೆಯಬೇಕು. ಒಣಗಿದ ಹತ್ತು ಟನ್ ಬೆಳೆಯಲ್ಲಿ, ಪ್ರತಿ ಕಿಲೋಗೆ 100 ಮಿಲಿಗ್ರಾಂ ಇದ್ದರೂ, ಹೊರಹೋಗುವುದು ಒಂದೇ ಕಿಲೋ. ವರ್ಷಕ್ಕೆರಡು ಬೆಳೆಯಂತೆ ನೂರಮೂವತ್ತು ವರ್ಷ! ಸಾಲಗಾರನು ಬಡ್ಡಿಯನ್ನೂ ತೀರಿಸಲಾರದ ಸ್ಥಿತಿ ಇದು. ರಾಸಾಯನಿಕ ಬೆರೆಸಿ ಸೀಸವನ್ನು ಕರಗಿಸಿದರೆ ಗಿಡ ಹೆಚ್ಚು ಹೀರುತ್ತದೆ. ಆದರೆ ಉಳಿದದ್ದು ಅಂತರ್ಜಲಕ್ಕೆ ಇಳಿಯುವ ಭಯವುಂಟು. ಆದ್ದರಿಂದ ಸೀಸದ ಮಟ್ಟಿಗೆ ಹೀರಿಸುವುದಕ್ಕಿಂತ ಕಟ್ಟಿಹಾಕುವುದೇ ಲೇಸು. ಹುಲ್ಲು ಅಥವಾ ಲಾವಂಚದ ದಟ್ಟ ಹೊದಿಕೆ ಧೂಳನ್ನು ತಡೆಯುತ್ತದೆ. ಗೊಬ್ಬರ, ರಂಜಕ ಸೇರಿದ ಮಣ್ಣು ಸೀಸವನ್ನು ಬಹುಮಟ್ಟಿಗೆ ಬಿಗಿಹಿಡಿಯುತ್ತದೆ.

ಈ ಸಸ್ಯಗುಣದ ಇನ್ನೊಂದು ಮುಖವು ಅಡುಗೆಮನೆಗೆ ಸಂಬಂಧಿಸಿದ್ದು. ನೆಲವನ್ನು ತೊಳೆಯುವ ಗಿಡವೇ ತಟ್ಟೆಗೆ ಬಂದರೆ ವಿಷವೂ ಅದರೊಡನೆ ಬರುತ್ತದೆ. ಸೊಪ್ಪು, ಮೂಲಂಗಿ, ಕ್ಯಾರೆಟ್‌ಗಳಲ್ಲಿ ಲೋಹ ಹೆಚ್ಚು. ಬದನೆ, ಬೆಂಡೆ, ಟೊಮೇಟೊಗಳಲ್ಲಿ ಕಡಿಮೆ. ಎಲೆಗಂಟಿದ ಧೂಳೂ ಅಪಾಯವೇ, ಆದ್ದರಿಂದ ಹಲವು ನೀರಿನಲ್ಲಿ ತೊಳೆಯುವುದು ಅಗತ್ಯ. ಮಕ್ಕಳ ಕರುಳು ದೊಡ್ಡವರದಕ್ಕಿಂತ ಹೆಚ್ಚು ಸೀಸವನ್ನು ಹೀರುತ್ತದೆ. ಆಹಾರದಲ್ಲಿ ಕಬ್ಬಿಣ, ಸುಣ್ಣದ ಅಂಶ ಕಡಿಮೆಯಾದರೆ ಇನ್ನೂ ಹೆಚ್ಚು. ಮಗುವಿನ ಬುದ್ಧಿಶಕ್ತಿಗೆ ಆಗುವ ಹಾನಿ ಹೊರನೋಟಕ್ಕೆ ಕಾಣದು. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸಂದೇಹವಿದ್ದವರು ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವಾಗ ಲೋಹಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಬೇಕು, ಏಕೆಂದರೆ ಸಾಮಾನ್ಯ ಕೃಷಿ ಪರೀಕ್ಷೆಯಲ್ಲಿ ಸೀಸದ ಮಾತು ಬರುವುದಿಲ್ಲ. ಫಲಿತಾಂಶ ಬರುವವರೆಗೆ ತೊಟ್ಟಿಗಳಲ್ಲಿ ಹೊರಗಿನ ಶುದ್ಧ ಮಣ್ಣು ತುಂಬಿ ಸೊಪ್ಪು ಬೆಳೆಯಬಹುದು. ಶೋಧನೆಗೆಂದು ಬೆಳೆದ ಸಾಸಿವೆಯನ್ನಂತೂ ಹಸುವಿಗೂ ಹಾಕಬಾರದು, ಗೊಬ್ಬರದ ಗುಂಡಿಗೂ ಎಸೆಯಬಾರದು, ಸುಡಲೂಬಾರದು. ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿ ಒಪ್ಪಿಸಬೇಕು.