ಕಾಣದ ನ್ಯೂಕ್ಲಿಯಸ್ಸನ್ನು ಒಪ್ಪುವ ಬಗೆ

ಪ್ರೀತಿಯ ವಿದ್ಯಾರ್ಥಿಗೆ,

ನಡುವೆ ಒಂದು ಚುಕ್ಕೆ, ಸುತ್ತ ನಾಲ್ಕು ಉಂಗುರ. ಪಠ್ಯದಲ್ಲಿರುವ ಪರಮಾಣುವಿನ ಈ ಚಿತ್ರವನ್ನು ಪರೀಕ್ಷೆಗೆ ಬೇಕಾದರೆ ಬರೆ, ಆದರೆ ನಂಬಬೇಡ. ಚಿನ್ನದ ನ್ಯೂಕ್ಲಿಯಸ್ಸನ್ನು ಒಂದು ಮಿಲಿಮೀಟರ್ ಚುಕ್ಕೆ ಮಾಡಿದರೆ ಪರಮಾಣುವಿಗೆ ಸುಮಾರು 20 ಮೀಟರ್ ಅಗಲದ ಕಾಗದ ಬೇಕು. ಹಾಗಾದರೆ ಯಾರೂ ಕಣ್ಣಾರೆ ಕಾಣದ ಆ ಚುಕ್ಕೆಯನ್ನು ಒಪ್ಪುವುದೂ ಒಂದು ಬಗೆಯ ಭಕ್ತಿಯೇ ಅಲ್ಲವೇ ಎಂದು ನೀನು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1909ರಲ್ಲಿ ಮ್ಯಾಂಚೆಸ್ಟರಿನ ಕತ್ತಲೆ ಕೋಣೆಯಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಲೋಹದ ತಗಡಿಗೆ ಆಲ್ಫಾ ಕಣಗಳನ್ನು ಹಾಯಿಸಿ, ಪರದೆಯ ಮೇಲೆ ಮಿನುಗುವ ಕಿಡಿಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಪ್ಲಾಟಿನಂನಿಂದ ಸುಮಾರು 8000ಕ್ಕೆ ಒಂದು ಕಣ ಹಿಂದಕ್ಕೆ ಮರಳಿತ್ತು. ಧನಾವೇಶ ಪರಮಾಣುವಿನ ತುಂಬ ಹರಡಿಕೊಂಡಿದೆ ಎಂಬ ಥಾಮ್ಸನ್ನರ ಕಲ್ಪನೆಯಲ್ಲಿ ಇಷ್ಟು ಬಲವಾಗಿ ತಳ್ಳುವ ಜಾಗವೇ ಇಲ್ಲ.

ಸಣ್ಣ ಸಣ್ಣ ತಿರುವುಗಳು ಕೂಡಿ ದೊಡ್ಡದಾಗಿರಬಾರದೇಕೆ? ಈ ಆಕ್ಷೇಪ ಹಗುರವಾದದ್ದಲ್ಲ, ಅದಕ್ಕೆ ಉತ್ತರ ಕೊಟ್ಟದ್ದು ಎಣಿಕೆ. ನ್ಯೂಕ್ಲಿಯಸ್ಸಿನ ಜೊತೆಗಿನ ಒಂದೇ ಡಿಕ್ಕಿಯಿಂದ ಕಣ ತಿರುಗಿದ್ದಾದರೆ ತಗಡಿನ ದಪ್ಪ ಇಮ್ಮಡಿಯಾದಾಗ ಚದುರಿದ ಕಣಗಳೂ ಇಮ್ಮಡಿಯಾಗಬೇಕು. ವೇಗ ಇಮ್ಮಡಿಯಾದಾಗ ಅವು ಹದಿನಾರನೇ ಒಂದು ಪಾಲಿಗೆ ಇಳಿಯಬೇಕು. ರುದರ್‌ಫೋರ್ಡ್ 1911ರಲ್ಲಿ ಹಾಕಿಕೊಟ್ಟ ಈ ಲೆಕ್ಕಕ್ಕೆ 1913ರ ಎಣಿಕೆ ಹೊಂದಿಕೊಂಡಿತು. ಸುಳ್ಳಾಗುವ ಅವಕಾಶವನ್ನು ತಾನೇ ತೆರೆದಿಟ್ಟು ಗೆದ್ದ ವಾದವನ್ನು ಭಕ್ತಿಯ ಸಾಲಿಗೆ ಸೇರಿಸಲಾಗದು.

ಉಂಗುರಗಳು ಮುಂದೆ ಅಳಿಸಿಹೋದವಲ್ಲ, ನ್ಯೂಕ್ಲಿಯಸ್ಸೂ ಹಾಗೆಯೇ ಹೋಗದೇ ಎಂಬುದು ಇನ್ನೊಂದು ಅನುಮಾನ. ಕ್ವಾಂಟಂ ಸಿದ್ಧಾಂತ ಉಂಗುರಗಳನ್ನು ತೆಗೆದುಹಾಕಿದ್ದು ನಿಜ. ಆದರೆ ಚದುರಿಕೆಯ ಸಾಕ್ಷ್ಯ ಇಲೆಕ್ಟ್ರಾನಿನ ದಾರಿಯನ್ನು ಆಧರಿಸಿಯೇ ಇರಲಿಲ್ಲ, ಹಾಗಾಗಿ ಅದಕ್ಕೆ ಏಟು ಬೀಳಲಿಲ್ಲ. ಬದಲಾದದ್ದು ನ್ಯೂಕ್ಲಿಯಸ್ಸಿನ ಒಳಗಿನ ಕಥೆ. ಸಾರಜನಕದ ನ್ಯೂಕ್ಲಿಯಸ್ಸಿನಲ್ಲಿ 14 ಪ್ರೋಟಾನ್, 7 ಇಲೆಕ್ಟ್ರಾನ್ ಇವೆಯೆಂದು ಆಗ ನಂಬಿದ್ದರು. ಒಟ್ಟು 21, ಬೆಸ ಸಂಖ್ಯೆ. ಸಿ. ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವನ್ನೇ ಬಳಸಿ ಮರುವರ್ಷ ರಾಸೆಟ್ಟಿ ಸಾರಜನಕದ ರೋಹಿತವನ್ನು ಅಳೆದರು. (ನಮ್ಮ ಪಠ್ಯಗಳು ಈ ಕೊಂಡಿಯನ್ನು ಯಾಕೆ ಬಿಡುತ್ತವೋ!) ಆ ರೋಹಿತ ಬೇಡಿದ್ದು ಸಮ ಸಂಖ್ಯೆಯನ್ನು. 1932ರಲ್ಲಿ ಚಾಡ್‌ವಿಕ್ ನ್ಯೂಟ್ರಾನನ್ನು ಗುರುತಿಸಿದ ಮೇಲೆ 7 ಪ್ರೋಟಾನ್, 7 ನ್ಯೂಟ್ರಾನ್ ಸೇರಿ ಲೆಕ್ಕ 14ಕ್ಕೆ ಬಂತು, ರೋಹಿತದ ತಕರಾರೂ ತೀರಿತು.

ನಿನ್ನ ಹಿತೈಷಿ